ಹೇಳಿದ್ದು ಕೇಳುವ ಡಬ್ಬಿ

ಹೊಳಗುಂದದ ಉಚ್ಚೀರಪ್ಪನ ಮನೆಯ ಹಿಂದಿನ ಕೊಟ್ಟಿಗೆಗೆ ಮಾತು ತಿಳಿಯುವ ಡಬ್ಬಿಯೊಂದು ಬಂದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ಅವನ ಹೆಂಡತಿ ಗಾದಿಲಿಂಗಮ್ಮ. ಆ ಮನೆಯಲ್ಲಿ ಅವಳ ಮಾತು ಕೇಳುವವರು ಅಂತ ಯಾರೂ ಇರಲಿಲ್ಲ. ಗಂಡನಿಗೆ ಎರಡು ಹೊಲದಾಚೆ ಕುರಿ ಕೆಮ್ಮಿದರೂ ಕೇಳುತ್ತಿತ್ತು, ಹೆಂಡತಿ ಪಕ್ಕದಲ್ಲಿ ನಿಂತು ಕೂಗಿದರೆ ಕೇಳುತ್ತಿರಲಿಲ್ಲ. ಮಗ ಶಿವಕೃಷ್ಣ ಹತ್ತಿ ಲಾರಿ ಓಡಿಸುತ್ತ ಸದಾ ಗುಂಟೂರಿನ ದಾರಿಯಲ್ಲಿರುತ್ತಿದ್ದ, ಫೋನು ಮಾಡಿದರೆ ಬರೀ ಹಾರ್ನು ಕೇಳಿಸುತ್ತಿತ್ತು. ಸೊಸೆ ಹಾರಿಕಾ ಮಾತ್ರ ಎಲ್ಲವನ್ನೂ ತಲೆಯಾಡಿಸಿ ಕೇಳಿಸಿಕೊಂಡು, ಆಮೇಲೆ ತನಗೆ ತೋಚಿದ್ದನ್ನೇ ಮಾಡುತ್ತಿದ್ದಳು.

ಡಬ್ಬಿ ತಂದವಳೂ ಹಾರಿಕಾನೇ. ಆದೋನಿಯಲ್ಲಿ ಕೋಳಿ ಸಾಕಣೆಯ ತರಬೇತಿಗೆ ಹೋಗಿ, ಕೊನೆಯ ದಿನದ ಪರೀಕ್ಷೆಯಲ್ಲಿ ಮೊದಲು ಬಂದು, ಬಹುಮಾನವಾಗಿ ಅದನ್ನು ಗೆದ್ದಿದ್ದಳು. ಹೆಸರು ಸ್ಮಾರ್ಟ್ ಥರ್ಮೋಸ್ಟ್ಯಾಟ್. ಕೊಟ್ಟಿಗೆಯಲ್ಲಿ ಚಳಿಯಾದರೆ ನಾಲ್ಕು ದೊಡ್ಡ ಬಲ್ಬು ಹಚ್ಚುತ್ತದೆ, ಸೆಕೆಯಾದರೆ ಬಲ್ಬು ನಿಲ್ಲಿಸಿ ಫ್ಯಾನು ತಿರುಗಿಸುತ್ತದೆ. ಬೇಕಾದರೆ ಫೋನಿನಿಂದ ನಡೆಸಬಹುದು, ಬೇಡವಾದರೆ ಬಾಯಲ್ಲಿ ಹೇಳಬಹುದು, ಅದಕ್ಕೆ ಕನ್ನಡ ಬರುತ್ತದೆ.

"ಥರ್ಮಾಸ್ ಅಂದ್ರ ಚಾ ಹಾಕೋದಲ್ಲೇನು?" ಎಂದು ಗಾದಿಲಿಂಗಮ್ಮ ಕೇಳಿದ್ದಳು.

"ಇದು ಬ್ಯಾರೆ ಅತ್ತಿ. ಇದು ಮರಿ ಕಾಯ್ತೈತಿ."

ಮರಿಗಳೆಂದರೆ ನಾನೂರು ಜವಾರಿ ಕೋಳಿಮರಿಗಳು. ಹುಟ್ಟಿ ವಾರವೂ ಆಗಿರಲಿಲ್ಲ. ಪುಷ್ಯಮಾಸದ ಹವೆ ಆ ಸೀಮೆಯಲ್ಲಿ ಎರಡು ನಾಲಿಗೆಯದು, ಬೆಳಗಿನ ಜಾವ ಹಲ್ಲು ಕಡಿಸುತ್ತದೆ, ಮಧ್ಯಾಹ್ನ ಬೆವರಿಳಿಸುತ್ತದೆ. ಮನುಷ್ಯನಾದರೆ ಕಂಬಳಿ ಹೊದೆಯುತ್ತಾನೆ, ತೆಗೆಯುತ್ತಾನೆ. ಹೆಬ್ಬೆರಳಿನಷ್ಟು ಮರಿ ಒಂದು ಹೊತ್ತು ಚಳಿಗೆ ಸಿಕ್ಕರೂ ಸಾಯುತ್ತದೆ, ಒಂದು ಹೊತ್ತು ಕಾವಿಗೆ ಸಿಕ್ಕರೂ ಸಾಯುತ್ತದೆ.

ಅಷ್ಟಲ್ಲದೆ ಆ ಕೊಟ್ಟಿಗೆ ಮೊದಲು ಉಚ್ಚೀರಪ್ಪನ ಕುರಿಮರಿಗಳದು. ಸೊಸೆ ಕೇಳಿದಳೆಂದು ಬಿಟ್ಟುಕೊಟ್ಟಿದ್ದ, ಬಿಟ್ಟುಕೊಟ್ಟ ಮರುದಿನದಿಂದಲೇ ಗೊಣಗಲು ಶುರು ಮಾಡಿದ್ದ. "ನನ್ನ ಕುರಿಗೆ ಕಂಬಳಿ ಮೈಮ್ಯಾಲೇ ಬೆಳಿತೈತಿ. ಡಬ್ಬಿ ಬೇಕಾಗಿಲ್ಲ, ಕರೆಂಟು ಬೇಕಾಗಿಲ್ಲ, ಟ್ರೇನಿಂಗೂ ಬೇಕಾಗಿಲ್ಲ" ಎನ್ನುತ್ತಿದ್ದ.

ಡಬ್ಬಿಯನ್ನು ಗೋಡೆಗೆ ಬಡಿದವನು ಆದೋನಿಯ ವಾಗೀಶ್. ಹಣೆ ತುಂಬ ವಿಭೂತಿ, ಜೇಬಿನಲ್ಲಿ ಟೆಸ್ಟರು. ಕೋಳಿಯ ನೆರಳಿಗೂ ಹೋಗದ ಮನೆತನದವನು ಹೊಟ್ಟೆಪಾಡಿಗೆ ಕೋಳಿ ಕೊಟ್ಟಿಗೆಗಳನ್ನೇ ಸುತ್ತುತ್ತಿದ್ದ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಇಲಿ ಕಡಿಯದಂತೆ ವೈರುಗಳನ್ನೆಲ್ಲ ಪೆಟ್ಟಿಗೆಯೊಳಗೆ ಹಾಕಿ ಬೀಗ ಜಡಿದು, ಅತ್ತೆ ಸೊಸೆ ಇಬ್ಬರಿಗೂ ಪಾಠ ಮಾಡಿದ. ಮೊದಲು "ಸಖೀ" ಎಂದು ಕರೆಯಬೇಕು. ಆಮೇಲೆ ಹೇಳಬೇಕು. ಅದು ಮಾಡಿ, ಮಾಡಿದೆನೆಂದು ತಿರುಗಿ ಹೇಳುತ್ತದೆ.

ಗಾದಿಲಿಂಗಮ್ಮನಿಗೆ ಎರಡೂ ಹಿಡಿಸಲಿಲ್ಲ. "ಹತ್ತು ಸಲ ಹೆಸರು ಹಿಡಿದು ಕರೀಬೇಕಂದ್ರ ಇಕಿ ಏನು ದೇಸಾಯರ ಮಗಳೇನು? ಮ್ಯಾಲೆ ಹೇಳಿದ್ದಕ್ಕೆಲ್ಲ ಎದುರು ಮಾತಾಡ್ತಾಳ."

ವಾಗೀಶ್ ಊಟದ ಹೊತ್ತಿಗೆ ಮನೆ ಮುಟ್ಟುವ ಅವಸರದಲ್ಲಿದ್ದ. ಫೋನಿನಲ್ಲಿ ಎರಡು ಕಡೆ ಒತ್ತಿ, ಹೆಸರು ಹಿಡಿಯದಿದ್ದರೂ ಕೇಳುವಂತೆ, ಕೇಳಿ ಬಾಯಿ ಮುಚ್ಚಿಕೊಂಡು ಕೆಲಸ ಮಾಡುವಂತೆ ಸಖಿಯನ್ನು ತಿದ್ದಿ ಹೋದ. ಅತ್ತೆಯಂದಿರ ಕನಸಿನ ಸೊಸೆ ಹೀಗೆ ಹೊಳಗುಂದದ ಕೊಟ್ಟಿಗೆಯಲ್ಲಿ ತಯಾರಾದಳು.

ಮೊದಲ ಮೂರು ದಿನ ಹಾರಿಕಾ ರಜೆ ಹಾಕಿ ತಾನೇ ಕೊಟ್ಟಿಗೆ ನೋಡಿಕೊಂಡಳು, ಚೆನ್ನಾಗಿ ನಡೆಯಿತು. ನಾಲ್ಕನೆಯ ದಿನ ಮಧ್ಯಾಹ್ನ, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮುಗಿಸಿ ಹಾರಿಕಾ ಮನೆಗೆ ಬಂದು ನೋಡಿದರೆ ಹೊರಗೆ ಸುಡುವ ಬಿಸಿಲು, ಒಳಗೆ ನಾಲ್ಕೂ ಬಲ್ಬು ಧಗಧಗ ಉರಿಯುತ್ತಿವೆ, ಫ್ಯಾನು ನಿಂತಿದೆ. ಮರಿಗಳೆಲ್ಲ ಗೋಡೆಗೆ ಒತ್ತಿಕೊಂಡು, ರೆಕ್ಕೆ ಇಳಿಬಿಟ್ಟು, ಕೊಕ್ಕು ತೆರೆದು ತೇಕುತ್ತಿದ್ದವು. ಗಾದಿಲಿಂಗಮ್ಮ ಡಬ್ಬಿಯೆದುರು ನಿಂತು ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಹಾರಿಕಾ ಫೋನು ಒತ್ತಿ ಬಲ್ಬು ನಿಲ್ಲಿಸುವಷ್ಟರಲ್ಲಿ ಒಂಬತ್ತು ಮರಿ ಸತ್ತಿದ್ದವು.

ಮರುದಿನ ಮುಂಜಾನೆ ತದ್ವಿರುದ್ಧ. ಮಂಜು ಕವಿದ ಹೊತ್ತಿನಲ್ಲಿ ಫ್ಯಾನು ಭರ್‍ರೆಂದು ತಿರುಗುತ್ತಿತ್ತು, ಮರಿಗಳು ಒಂದರ ಮೇಲೊಂದು ಬಿದ್ದು ಮೂಲೆಯಲ್ಲಿ ಗುಡ್ಡೆಯಾಗಿದ್ದವು. ಅಡಿಯಲ್ಲಿದ್ದ ಐದು ಉಸಿರು ಕಟ್ಟಿ ಹೋಗಿದ್ದವು. ಡಬ್ಬಿಗೆ ಬಿಸಿ ಯಾವುದು, ತಂಪು ಯಾವುದು ಎಂಬುದೇ ಮರೆತಂತಿತ್ತು.

ವಾಗೀಶ್ ಬಂದ. ಟೆಸ್ಟರು ಹಚ್ಚಿ ನೋಡಿ, "ವೈರು ಅದಲು ಬದಲಾಗ್ಯಾವ" ಎಂದು ಕೆಂಪಿನ ಜಾಗದಲ್ಲಿ ನೀಲಿ, ನೀಲಿಯ ಜಾಗದಲ್ಲಿ ಕೆಂಪು ಹಾಕಿದ. ಈಗ ಹಾರಿಕಾ ಫೋನಿನಲ್ಲಿ ಬಿಸಿ ಒತ್ತಿದರೆ ಫ್ಯಾನು, ತಂಪು ಒತ್ತಿದರೆ ಬಲ್ಬು. "ಹಂಗಾದ್ರ ಮೊದಲಿದ್ದದ್ದೇ ಸರಿ ಐತಿ" ಎಂದು ಮತ್ತೆ ಬಿಚ್ಚಿ ಮೊದಲಿನಂತೆ ಹಾಕಿದ. ವೋಲ್ಟೇಜಿನ ಮೇಲೆ ತಪ್ಪು ಹೊರಿಸಿದ. ಹಲ್ಲಿಯ ಮೇಲೆ ಹೊರಿಸಿದ. ತನ್ನ ಕೈಯಾರೆ ಎಲ್ಲ ಒತ್ತಿ ನೋಡಿದ, ಎಲ್ಲ ಸರಿಯಿತ್ತು. ಅವನ ಗಾಡಿಯ ಸದ್ದು ಅಡಗಿ ಎರಡು ತಾಸಿಗೆ ಬಲ್ಬುಗಳು ಮತ್ತೆ ಉರಿಯತೊಡಗಿದವು.

ಎರಡನೆಯ ಸಲ ಬಂದಾಗ ಅವನು ಡಬ್ಬಿಯೊಳಗಿನ ದಾಖಲೆ ತೆಗೆದ. ಮುಖ ಗಂಭೀರವಾಯಿತು. ಹಾರಿಕಾಳನ್ನು ಬೇವಿನ ಮರದಡಿ ಕರೆದು ಮೆಲ್ಲಗೆ ಹೇಳಿದ.

"ಅಕ್ಕಾ, ಮಿಷನ್ ತಪ್ಪಿಲ್ಲ. ದಿನಾ ಮಧ್ಯಾಹ್ನ ಒಂದೂವರೆ ಆಜೂಬಾಜು ಯಾರೋ 'ಹೆಚ್ಚು ಮಾಡು' ಅಂತ ಆರ್ಡರ್ ಕೊಟ್ಟಾರ. ಒಂದ್ಸಲ ಅಲ್ಲ, ಏಳೆಂಟು ಸಲ. ಮುಂಜಾನೆ ಯಾರೋ ತಂಪು ಮಾಡಂತ ಹೇಳ್ಯಾರ. ನಿಮ್ಮ ಮನ್ಯಾಗ ಯಾರೋ ಬೇಕಂತ ಮಾಡಾಕತ್ಯಾರ ನೋಡ್ರಿ."

ಆ ಹೊತ್ತಿಗೆ ಮನೆಯಲ್ಲಿರುವವರು ಇಬ್ಬರೇ. ಹಾರಿಕಾ ಮೊದಲು ಅತ್ತೆಯನ್ನು ಕೇಳಿದಳು. ಗಾದಿಲಿಂಗಮ್ಮ ಎದೆ ಮುಟ್ಟಿಕೊಂಡು ಆಣೆ ಮಾಡಿದಳು. "ಗಾದಿಲಿಂಗಪ್ಪನಾಣಿ, ಹೆಚ್ಚು ಮಾಡಂತ ನಾನು ಅಂದಿದ್ರ ನನ್ನ ನಾಲಿಗಿ ಸೇದಿ ಹೋಗ್ಲಿ. ಬ್ಯಾಡ ಬ್ಯಾಡಂತ ಬಡಕೊಂಡೀನಿ ಯವ್ವಾ. ನಾನು ಹೇಳಿದಷ್ಟೂ ಅದು ಉರಿತೈತಿ."

ಅತ್ತೆ ಸುಳ್ಳು ಹೇಳುವವಳಲ್ಲ, ಹೇಳಿದರೂ ಅದು ಮುಖದಲ್ಲಿ ಕಾಣುತ್ತದೆ. ಉಳಿದವನು ಮಾವ. ಕೊಟ್ಟಿಗೆ ಬೇಕಾದವನೂ ಮಾವನೇ. ಹಾರಿಕಾ ಆ ರಾತ್ರಿ ರೊಟ್ಟಿ ಬಡಿಸುತ್ತ, ತಾಟಿನ ಕಡೆ ನೋಡಿಕೊಂಡೇ ಕೇಳಿಬಿಟ್ಟಳು. "ಮಾವಾ, ಡಬ್ಬಿಗೆ ನೀವೇನಾರ ಹೇಳೀರೇನು?"

ಉಚ್ಚೀರಪ್ಪ ಮುರಿದ ರೊಟ್ಟಿಯನ್ನು ತಾಟಿಗೆ ಹಾಕಿದ. ಅವನು ಒರಟ, ಮೊಂಡ, ಬೇಕಾದ್ದೆಲ್ಲ ಹೌದು. ಆದರೆ ಬಾಯಿಲ್ಲದ ಮರಿಯ ಜೀವ ತೆಗೆಯುವವನಲ್ಲ. ಹುಟ್ಟಿದ ಕುರಿಮರಿಯ ಬಾಯಲ್ಲಿ ತನ್ನ ಬಾಯಿಟ್ಟು ಉಸಿರೂದಿ ಉಳಿಸಿದವನು. ಮಾತು ಅವನಿಗೆ ನಾಟಿತು.

"ನಾನು ಡಬ್ಬಿ ಜೋಡಿ ಮಾತಾಡೋನೇನು? ಹೆಂಡ್ತಿ ಜೋಡೀನ ಮಾತಾಡಲ್ಲ" ಎಂದ. "ಕೇಳು. ಸೋಮವಾರದ ತನಕ ಟೈಮ್ ಕೊಟ್ಟೀನಿ. ಅಷ್ಟರಾಗ ಅದು ಇನ್ನೊಂದ್ಸಲ ತಪ್ಪಿದ್ರ ಮರಿಯೆಲ್ಲ ಬಜಾರಪ್ಪಗ, ಕೊಟ್ಟಿಗಿ ನನ್ನ ಕುರಿಗೆ. ಅಯಿಪೋಯಿಂದಿ, ಮುಗೀತು."

ಹಾರಿಕಾಳ ಕೈ ಅಲ್ಲೇ ನಿಂತಿತು. ಚಿಪ್ಪಗಿರಿಯ ಬಜಾರಪ್ಪ ಕೋಳಿಮರಿಗಳನ್ನು ಕೊಂಡು, ಬಣ್ಣದ ನೀರಿನಲ್ಲಿ ಅದ್ದಿ ತೆಗೆದು, ಗುಲಾಬಿ ಹಸಿರು ಮಾಡಿ ಸಂತೆಯಲ್ಲಿ ಮಕ್ಕಳಿಗೆ ಮಾರುವವನು. ಆ ಮರಿಗಳು ಮನೆ ಮುಟ್ಟಿ ಎರಡು ದಿನಕ್ಕೆ ಸಾಯುತ್ತವೆ, ಮಕ್ಕಳು ಎರಡು ತಾಸು ಅಳುತ್ತಾರೆ. ತಾನು ಸಾಕಿದ್ದು ಅದಕ್ಕಾಗಿಯೇ ಎಂದು ಯೋಚಿಸಿ ಹಾರಿಕಾಗೆ ಅಳು ಬಂತು, ಸಿಟ್ಟೂ ಬಂತು. ಎರಡರಲ್ಲಿ ಯಾವುದಕ್ಕೂ ಮಾವನೆದುರು ಜಾಗವಿರಲಿಲ್ಲ.

ಭಾನುವಾರ ವಾಗೀಶ್ ಮೂರನೆಯ ಸಲ ಬಂದ. ಹಾರಿಕಾಗೆ ರಜೆ, ಅವಳು ಪಕ್ಕದಲ್ಲೇ ನಿಂತು ನೋಡಿದಳು. ಉಚ್ಚೀರಪ್ಪ ಬಾಗಿಲಿಗೆ ಒರಗಿ, ಕೈಯಲ್ಲಿ ಕೋಲು ಹಿಡಿದು, ತೀರ್ಪು ಕೊಡಲು ಬಂದವನಂತೆ ನಿಂತಿದ್ದ. ವಾಗೀಶ್ ಬಿಚ್ಚುವುದನ್ನೆಲ್ಲ ಬಿಚ್ಚಿದ, ಹಾಕುವುದನ್ನೆಲ್ಲ ಹಾಕಿದ. ಬಿಸಿ ಎಂದರೆ ಬಿಸಿ, ತಂಪು ಎಂದರೆ ತಂಪು. ಒಂದೂ ತಪ್ಪಲಿಲ್ಲ. ಸೋತವನಂತೆ ಟೆಸ್ಟರನ್ನು ಜೇಬಿಗೆ ಸಿಕ್ಕಿಸಿಕೊಂಡು ಎದ್ದ.

"ಇನ್ನ ನನ್ನ ಕೈಲಿ ಆಗಲ್ರೀ. ಹೋಗ್ತೀನಿ."

"ಏ, ಏ! ಬಾಯಿ ತೊಳಕೋ!" ಗಾದಿಲಿಂಗಮ್ಮ ಗದರಿದಳು. "ಮನಿಯಿಂದ ಹೊಂಡೋವಾಗ ಹೋಗ್ತೀನಿ ಅಂತಾರೇನು? ಬರ್ತೀನಿ ಅನ್ನಪ್ಪ."

"ತಪ್ಪಾತಮ್ಮಾ. ನಮ್ಮಮ್ಮನೂ ತೆಲುಗಿನಾಗ ಹಿಂಗ ಬೈತಾಳ, ವಸ್ತಾನು ಅನುರಾ ಅಂತ. ಬರ್ತೀನಿ" ಎಂದು ವಾಗೀಶ್ ಹೊರಟ.

ಹಾರಿಕಾ ಮಾತ್ರ ನಿಂತಲ್ಲೇ ನಿಂತಳು. ಮದುವೆಯಾಗಿ ಬಂದ ಎರಡು ವರ್ಷದಲ್ಲಿ ಅತ್ತೆಯ ಬಾಯಿಂದ ಕೇಳಿದ್ದೆಲ್ಲ ಒಮ್ಮೆಲೇ ನೆನಪಾಯಿತು. ಅಕ್ಕಿ ಮುಗಿದರೆ "ತುಂಬೈತಿ" ಎನ್ನುತ್ತಾಳೆ. ಬಳೆ ಒಡೆದರೆ "ಹೆಚ್ಚಾತು" ಎನ್ನುತ್ತಾಳೆ. ಹೋಗುವವರು ಬರುತ್ತೇನೆ ಎನ್ನಬೇಕು. ಈ ಮನೆಯಲ್ಲಿ ಇಲ್ಲ ಎನ್ನುವುದಕ್ಕೆಲ್ಲ ಇದೆ ಎಂದೇ ಹೆಸರು.

"ವಾಗೀಶಣ್ಣಾ, ನಿಲ್ಲು" ಎಂದವಳೇ ಅತ್ತೆಯ ಕಡೆ ತಿರುಗಿದಳು. "ಅತ್ತಿ, ಮಧ್ಯಾಹ್ನ ಸೆಕಿ ಆದಾಗ, ಬಲ್ಬು ಬ್ಯಾಡ ಅಂತ ಡಬ್ಬಿಗೆ ಏನಂತ ಹೇಳ್ತೀರಿ? ಈಗ ಹೇಳ್ರಿ, ನಾನು ಕೇಳಬೇಕು."

"ಏನಂತ ಹೇಳ್ತಾರ? ಎಲ್ಲಾರೂ ಹೇಳಿದಂಗ ಹೇಳ್ತೀನಿ." ಗಾದಿಲಿಂಗಮ್ಮ ಡಬ್ಬಿಯತ್ತ ಮುಖ ಮಾಡಿ, ಸಂಜೆ ದೇವರ ಮುಂದೆ ಹೇಳುವ ದನಿಯಲ್ಲೇ ಹೇಳಿದಳು. "ದೀಪ ದೊಡ್ಡದು ಮಾಡವ್ವಾ."

ನಾಲ್ಕೂ ಬಲ್ಬು ಝಗ್ಗನೆ ಹತ್ತಿಕೊಂಡವು.

ವಾಗೀಶ್ ಹಣೆ ಬಡಿದುಕೊಂಡ, ವಿಭೂತಿ ಉದುರಿತು. ಹಾರಿಕಾಗೆ ನಗು ತಡೆಯಲಾಗಲಿಲ್ಲ. ಮನೆಯಲ್ಲಿ ದೀಪ ಆರಿಸು ಎಂದು ಯಾವ ಮುತ್ತೈದೆಯೂ ಅನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತಾಳೆ. ಇದು ಆದೋನಿಗೂ ಗೊತ್ತು, ಹೊಳಗುಂದಕ್ಕೂ ಗೊತ್ತು, ಗೊತ್ತಿಲ್ಲದ್ದು ಡಬ್ಬಿಗೆ. ಅದು ಪಾಪ, ದೊಡ್ಡದು ಎಂದರೆ ಹೆಚ್ಚು ಎಂದು ಬರೆದುಕೊಂಡು, ಹೇಳಿದ್ದನ್ನು ಹೇಳಿದ ಹಾಗೆ ಮಾಡಿದೆ. ಮುದುಕಿ ಬಾಯಿ ಹರಿದುಕೊಂಡಷ್ಟೂ ಇನ್ನಷ್ಟು ಉರಿಸಿದೆ.

"ತಪ್ಪಿತಲ್ಲ ಮತ್ತ" ಎಂದ ಉಚ್ಚೀರಪ್ಪ ಬಾಗಿಲಿಂದ. "ನನ್ನ ಕಣ್ಣಮುಂದ ತಪ್ಪಿತು."

"ತಪ್ಪಿಲ್ಲ ಮಾವಾ, ಹೇಳಿದ್ದು ಮಾಡೈತಿ."

"ಅದೆಲ್ಲ ನನಗ ಗೊತ್ತಿಲ್ಲ. ಸೆಕಿಯಾಗ ಬಲ್ಬು ಹತ್ತೇತಿ." ಅಂಗಿಯ ಜೇಬಿನಿಂದ ಫೋನು ತೆಗೆದು ಅಲ್ಲೇ ನಿಂತು ಕೂಗಿದ. "ಬಜಾರಪ್ಪಾ! ನಾಳಿ ಮುಂಜಾನೆ ಬುಟ್ಟಿ ತಗೊಂಡು ಬಾ."

ಹಾರಿಕಾಳ ನಗು ಬತ್ತಿಹೋಯಿತು. ವಾಗೀಶ್ ಸಮಾಧಾನ ಹೇಳಿದ. "ಸುಲಭ ಐತಕ್ಕಾ. ಬಾಯಿಮಾತು ಕೇಳೋದನ್ನ ಬಂದ್ ಮಾಡಿಬಿಡ್ತೀನಿ. ಅಮ್ಮಾರು ಏನಂದ್ರೂ ಅದಕ್ಕ ಕೇಳಂಗಿಲ್ಲ."

ಗಾದಿಲಿಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಬಗ್ಗಿ, ಇಲ್ಲದ ಕಸ ಆರಿಸತೊಡಗಿದಳು. ಹಾರಿಕಾ ಅವಳ ಬೆನ್ನನ್ನು ನೋಡಿದಳು. ತಾನು ಶಾಲೆಯಲ್ಲಿದ್ದಾಗ ಇಡೀ ದಿನ ಮರಿಗಳ ಜೊತೆ ಇರುವವಳು ಈಕೆ. ಯಾವುದಕ್ಕೆ ಸೆಕೆ, ಯಾವುದಕ್ಕೆ ಚಳಿ ಎಂದು ಕಣ್ಣಲ್ಲೇ ಹೇಳುವವಳು ಈಕೆ. ಇಷ್ಟು ವರ್ಷಕ್ಕೆ ಮಾತು ಕೇಳುವ ಒಂದು ಜೀವ ಸಿಕ್ಕಿತೆಂದು ಹಿಗ್ಗಿದ್ದಳು, ಅದು ಜೀವವಲ್ಲದಿದ್ದರೂ.

"ಬ್ಯಾಡ" ಎಂದಳು ಹಾರಿಕಾ. "ಅತ್ತಿ ಮಾತು ಕೇಳಬೇಕು ಅದು. ಅತ್ತಿ ಮಾತನ್ನ ಅದಕ್ಕ ಕಲಿಸು."

"ಕಲಿಸಬಹುದು" ಎಂದು ವಾಗೀಶ್ ತಲೆ ಕೆರೆದುಕೊಂಡ. "ಆದ್ರ ಮೊದಲು ಅದಕ್ಕ ಗೊತ್ತಿರೋ ಹಳೇ ಮಾತು ಒಂದ್ಸಲ ಅವರ ದನಿಯಾಗೇ ಹೇಳಬೇಕು. ಆಮ್ಯಾಲೆ ಹೊಸ ಮಾತು ಮೂರು ಸಲ. ಅಮ್ಮಾ, ಒಂದೇ ಒಂದು ಸಲ 'ಆರಿಸು' ಅನ್ರಿ."

ಗಾದಿಲಿಂಗಮ್ಮ ಕಿವಿ ಮುಚ್ಚಿಕೊಂಡಳು. "ಬಿಡ್ತು ಅನ್ನು! ಅಷ್ಟು ಜೀವ ಅದರಡಿ ಮಲಗ್ಯಾವ, ನಾನು ಅಂಥಾ ಮಾತಾಡ್ಲೇನು?"

"ಇಂಗ್ಲೀಷಿನಾಗ ಆಫ್ ಅನ್ರಿ ಹಂಗಾರ. ಅದನ್ನೂ ತಿಳ್ಕೊಂತೈತಿ."

"ಮರಿಗೆ ಇಂಗ್ಲೀಷ್ ತಿಳಿಯಂಗಿಲ್ಲ, ದೇವರಿಗೆ ತಿಳಿತೈತಿ."

ವಾಗೀಶ್ ಫೋನನ್ನು ಜೇಬಿಗೆ ಹಾಕಿಕೊಂಡ. ಕೊನೆಗೆ ಗಾದಿಲಿಂಗಮ್ಮನೇ ಸೊಸೆಯ ಮುಖ ನೋಡಿದಳು. ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಮರಿಯೆಲ್ಲ ಹೊರಗ ಒಯ್ರಿ. ಒಂದೂ ಉಳೀಬಾರದು. ಖಾಲಿ ಕೊಟ್ಟಿಗ್ಯಾಗ ಅಂತೀನಿ. ಆ ಪಾಪ ನನಗ ಬರಲಿ, ಅವಕ್ಕ ಬ್ಯಾಡ."

ಕೊಟ್ಟಿಗೆ ಖಾಲಿಯಾಗುವುದೆಂದರೆ ಉಚ್ಚೀರಪ್ಪನಿಗೆ ಹಬ್ಬ. "ಹಂಗಂದ್ರ ನಾನೇ ಹೊರ್ತೀನಿ" ಎಂದು ಕೋಲು ಬಿಸುಟು ಮುಂದೆ ಬಂದ. ನಾಲ್ವರೂ ಬುಟ್ಟಿ, ಸೊಪ್ಪಿನ ಜಲ್ಲೆ, ಹಿಟ್ಟಿನ ಡಬರಿ ಸಿಕ್ಕಿದ್ದನ್ನೆಲ್ಲ ತುಂಬಿಕೊಂಡು ಕುರಿದೊಡ್ಡಿಯ ಬಿಸಿಲಿಗೆ ಮರಿ ಸಾಗಿಸಿದರು. ಕೋಳಿ ಮುಟ್ಟದ ವಾಗೀಶ್ ಎರಡೂ ಅಂಗೈಯಲ್ಲಿ ಮರಿ ಹಿಡಿದು, ಕಣ್ಣು ಮುಚ್ಚಿ ಶಿವ ಶಿವ ಎನ್ನುತ್ತ ಓಡಾಡಿದ. ಮರಿಗಳನ್ನು ಕಾಯಲು ಉಚ್ಚೀರಪ್ಪನನ್ನೇ ಕೂರಿಸಿದರು. ಅವನು ಕಂಬಳಿ ಹಾಸಿ ಕೂತದ್ದೇ ತಡ, ಅವು ಅವನ ಮೇಲೆ ಹತ್ತಿದವು. ತೊಡೆ ತುಂಬಿತು, ತೋಳು ತುಂಬಿತು. ಒಂದು ಮರಿ ರುಮಾಲಿನ ಸುತ್ತಿನೊಳಗೆ ನುಗ್ಗಿ ನಿದ್ದೆ ಹೋಯಿತು.

ಇತ್ತ ಕೊಟ್ಟಿಗೆಯಲ್ಲಿ ಗಾದಿಲಿಂಗಮ್ಮ ಮೂಲೆ ಮೂಲೆ ನೋಡಿದಳು. ನೀರಿನ ತಟ್ಟೆಯ ಹಿಂದೆ ಉಳಿದಿದ್ದ ಒಂದನ್ನು ಹಾರಿಕಾ ಎತ್ತಿಕೊಂಡು ಹೋಗಿ ಹೊರಗೆ ಬಿಟ್ಟು ಬಂದಳು. ಮುದುಕಿ ಉರಿಯುವ ಬಲ್ಬುಗಳಿಗೆ ಕೈ ಮುಗಿದಳು. ಹುಟ್ಟಿದಾಗಿನಿಂದ ಅವಳ ಬಾಯಿಗೆ ಆ ಮಾತು ಬಂದಿರಲಿಲ್ಲ, ಹೆತ್ತವರು ಸತ್ತ ಮನೆಯಲ್ಲೂ ಬಂದಿರಲಿಲ್ಲ.

"ಆರಿಸು" ಎಂದಳು.

ಬಲ್ಬುಗಳು ಹೋದವು. ಅವಳು ಮೂರು ಸಲ ಉಗುಳಿ, ಸೊಸೆಯ ತಲೆ ನಿವಾಳಿಸಿ ನೆಟಿಗೆ ಮುರಿದಳು. ಕಣ್ಣು ತುಂಬಿತ್ತು. "ನಿನ್ನ ಸಲುವಾಗಿ ಅಂದೆ" ಎಂದಳು. ಹಾರಿಕಾ ಅತ್ತೆಯ ಕೈ ಹಿಡಿದುಕೊಂಡಳು. ಆಮೇಲೆ ಗಾದಿಲಿಂಗಮ್ಮ "ದೊಡ್ಡದು ಮಾಡು" ಎಂದು ಮೂರು ಸಲ ಸ್ಪಷ್ಟವಾಗಿ ಹೇಳಿದಳು, ಡಬ್ಬಿ ಕಲಿತುಕೊಂಡಿತು.

ಮರಿಗಳನ್ನು ತಿರುಗಿ ತುಂಬುವಾಗ ಅವಳಿಗೆ ಜೀವ ತಡೆಯಲಿಲ್ಲ. ಕೆಟ್ಟ ಮಾತು ಆಡಿದ ಬಾಯಿಂದಲೇ ಒಳ್ಳೆಯ ಮಾತು ಆಡಿದಳು. "ತಣ್ಣಗಿರ್ರಿ ನನ್ನವ್ವಗೋಳ್ರಾ, ನೂರು ಕಾಲ ತಣ್ಣಗಿರ್ರಿ."

ಫ್ಯಾನು ಭರ್‍ರೆಂದು ತಿರುಗಿತು.

"ಅತ್ತಿ, ದಿನಾ ಮುಂಜಾನೆ ಹಿಂಗ ಅಂತೀರೇನು?" ಎಂದು ಹಾರಿಕಾ ಕೇಳಿದಳು. ಅನ್ನದೆ ಇರುತ್ತಾರೆಯೇ, ಬೆಳಗಾಗೆದ್ದು ಮಕ್ಕಳ ಮುಖ ನೋಡಿ ಮೊದಲು ಅನ್ನುವುದೇ ಅದಲ್ಲವೇ ಎಂದು ಗಾದಿಲಿಂಗಮ್ಮನಿಗೆ ಆಶ್ಚರ್ಯ.

ವಾಗೀಶ್ ಫೋನು ಹಿಡಿದು ಕೇಳಿದ. "ಅಮ್ಮಾ, ತಣ್ಣಗಿರ್ರಿ ಅಂದ್ರ ಅದು ಏನು ಮಾಡಬೇಕು ಹೇಳ್ರಿ, ಬರಕೊಂತೀನಿ."

"ಏನೂ ಮಾಡೋದು ಬ್ಯಾಡ. ಆಶೀರ್ವಾದಕ್ಕ ಯಾರಾರ ಏನಾರ ಮಾಡ್ತಾರೇನು? ಸುಮ್ನ ತಗೊಂತಾರ." ತುಸು ಯೋಚಿಸಿ ಸೇರಿಸಿದಳು. "ಬೇಕಂದ್ರ ಅದೊಂದಕ್ಕ ಬಾಯಿ ಬಿಡ್ಲಿ. ಆಗಲಿ ಅವ್ವಾ ಅನ್ಲಿ."

ಸೋಮವಾರ ಬೆಳಗಾಗುವ ಮೊದಲೇ ಉಚ್ಚೀರಪ್ಪ ಕೊಟ್ಟಿಗೆಯ ಬಾಗಿಲಲ್ಲಿದ್ದ. ಹೆಂಡತಿ ಒಳಗೆ ಹೋಗಿ ಮರಿಗಳನ್ನು ಹರಸಿದಳು. "ಆಗಲಿ ಅವ್ವಾ" ಎಂದಿತು ಡಬ್ಬಿ, ಓದಿದವರ ಕನ್ನಡದಲ್ಲಿ. ಬಲ್ಬುಗಳು ಬೆಚ್ಚಗೆ ಉರಿಯುತ್ತಲೇ ಇದ್ದವು, ಫ್ಯಾನು ಅಲುಗಲಿಲ್ಲ. ಬಿಸಿಲೇರಿದ ಮೇಲೆ "ದೊಡ್ಡದು ಮಾಡು" ಎಂದಳು, ಬಲ್ಬುಗಳು ಹೋದವು. ಹಾರಿಕಾ ಶಾಲೆಗೂ ಹೋಗದೆ ಮಾವನ ಮುಖವನ್ನೇ ನೋಡುತ್ತ ನಿಂತಳು. ಮಾವ ನಿನ್ನೆ ಮರಿ ಮಲಗಿದ್ದ ರುಮಾಲು ತೆಗೆದು ಒಳಗೆ ಇಣುಕಿ ನೋಡಿ, ಖಾಲಿ ಇರುವುದನ್ನು ಕಂಡು ಮತ್ತೆ ಸುತ್ತಿಕೊಂಡ.

ಅಷ್ಟರಲ್ಲಿ ಬಜಾರಪ್ಪನ ಗಾಡಿ ಬಂತು. ಹಿಂದೆ ಬುಟ್ಟಿಗಳು, ಬುಟ್ಟಿಗಳ ತುಂಬ ಹಳೆಯ ಗುಲಾಬಿ ಬಣ್ಣದ ಕಲೆ. "ಎಲ್ಲಿ ಅದಾವ ಮಾವಾ ಮರಿ?" ಎಂದು ಇಳಿದ.

ಉಚ್ಚೀರಪ್ಪ ಕೋಲನ್ನು ಬಾಗಿಲಿಗೆ ಅಡ್ಡ ಹಿಡಿದ. "ಮರಿ ಇಲ್ಲಪ್ಪ. ಇವು ಮನಿಮಂದಿ ಅದಾವ. ಕೊಟ್ಟಿಗಿ ನನ್ನ ಸೊಸಿದು."

"ನೀವೇ ಕರೆದಿರಲ್ಲ?" ಬಜಾರಪ್ಪ ಗೊಣಗುತ್ತ ಗಾಡಿ ತಿರುಗಿಸಿದ. "ಸರೇ. ಹೋಗ್ತೀನಿ."

"ಏ! ನಮ್ಮ ಮನ್ಯಾಗ ಹಂಗ ಅನಬಾರದು. ಬರ್ತೀನಿ ಅನ್ನು" ಎಂದು ಗದರಿದ ಉಚ್ಚೀರಪ್ಪ. ಹಾರಿಕಾಳ ಕಡೆ ಒಮ್ಮೆ ನೋಡಿ, ಮತ್ತೆ ಬಜಾರಪ್ಪನ ಕಡೆ ತಿರುಗಿದ. "ಬರ್ತೀನಿ ಅನ್ನು. ಆದ್ರ ಬರಬ್ಯಾಡ."